ಎಡಗಡೆಯ ಆಣೆ

ಉಟಗಿಯ ಬೀರದೇವರ ಗುಡಿ ಆಟದ ಬಯಲಿನ ಅಂಚಿನಲ್ಲಿ ಇದ್ದದ್ದರಿಂದಲೇ ಇಷ್ಟೆಲ್ಲ ಆಯಿತು ಎಂದು ಊರವರು ಈಗಲೂ ಹೇಳುತ್ತಾರೆ. ಹೇಳಲಿ ಬಿಡಿ. ಗುಡಿ ಅಜ್ಜ ಮುತ್ತಜ್ಜರ ಕಾಲದಿಂದ ಅಲ್ಲೇ ಇತ್ತು. ಅದರ ಮಗ್ಗುಲಿಗೆ ಬಂದು ಮೂರು ಕೋಲು ನೆಟ್ಟು ಕ್ರಿಕೆಟ್ ಆಡತೊಡಗಿದವರು ಜತ್ತದಲ್ಲಿ ಇಂಗ್ಲಿಷ್ ಸಾಲಿ ಕಲಿತು ಬಂದ ಪುಂಡರು. ಜತ್ತ ಸಂಸ್ಥಾನವಾಗಿದ್ದ ಕಾಲದಲ್ಲಿ ಪೇಟೆಗೆ ಹತ್ತಿದ ಆ ಹುಚ್ಚು ಮೆಲ್ಲಗೆ ಹಳ್ಳಿಗಳಿಗೂ ಹಬ್ಬಿತ್ತು.

ಆ ಪುಂಡರ ಗುಂಪಿನಲ್ಲಿ ಪೂಜಾರಿ ಅಮೋಗಸಿದ್ದನ ಒಬ್ಬನೇ ಮಗ ಶಿದ್ರಾಯನೂ ಸೇರಿಕೊಂಡಿದ್ದ. ಸಾಲಿಯ ಕಟ್ಟೆ ಹತ್ತಿದವನಲ್ಲ, ಕುರಿ ಕಾಯುವವ. ಆದರೆ ಬ್ಯಾಟು ಅವನ ಕೈಗೆ ಬಂತೆಂದರೆ ಚೆಂಡು ಹುಡುಕುವುದೇ ಉಳಿದವರ ಕೆಲಸವಾಗುತ್ತಿತ್ತು. ಒಂದು ದಿನ ಅವನು ಎಡಕ್ಕೆ ತಿರುಗಿಸಿ ಬಾರಿಸಿದ ಚೆಂಡು ನೆಟ್ಟಗೆ ಗುಡಿಯೊಳಗೆ ನುಗ್ಗಿ ದೇವರ ಹಿತ್ತಾಳೆಯ ಮುಖವನ್ನು ಕೆಡವಿತು. ಎತ್ತಿ ನೋಡಿದರೆ ಒಂದು ಗಲ್ಲ ತಗ್ಗು ಬಿದ್ದಿದೆ. ಅಮೋಗಸಿದ್ದನ ಜೀವ ಬಾಯಿಗೆ ಬಂತು. ಮಗನ ರಟ್ಟೆ ಹಿಡಿದು ಎಳೆತಂದು, ಅಂಗೈಗೆ ದೇವರ ಅರಿಸಿನ, ಅಂದರೆ ಭಂಡಾರ, ಸುರಿದ.

"ಆಣಿ ಮಾಡು. ಇನ್ನ ಎಡಗಡೆ ಹೊಡ್ಯಾಂಗಿಲ್ಲ ಅನ್ನು."

"ಹೊಡ್ಯಾಂಗಿಲ್ಲ ಯಪ್ಪಾ."

"ಎಡಗಡೆ ಅಂತ ಬಾಯಿಬಿಟ್ಟ ಅನ್ನಲೇ."

"ಎಡಗಡೆ ಎಂದೂ ಹೊಡ್ಯಾಂಗಿಲ್ಲ."

ಉಟಗಿಯ ಬಯಲಿನಲ್ಲಿ ಒಂದೇ ತುದಿಯಿಂದ ಬ್ಯಾಟಿಂಗ್ ಮಾಡುತ್ತಿದ್ದರು, ಹಾಗಾಗಿ ಗುಡಿ ಯಾವಾಗಲೂ ಎಡಕ್ಕೇ ಇರುತ್ತಿತ್ತು. ಲೋಕದಲ್ಲಿ ಬೇರೆ ಬಯಲುಗಳೂ ಇವೆ, ಮಗ ಅಲ್ಲಿಗೂ ಹೋಗಿ ಆಡಿಯಾನು ಎಂಬುದು ಅಮೋಗಸಿದ್ದನಿಗೆ ಹೊಳೆಯಲೇ ಇಲ್ಲ. ಕುರಿ ಕಾಯುವವನ ಮಗ ಎಲ್ಲಿಗೆ ತಾನೇ ಹೋಗುತ್ತಾನೆ?

ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಮರುವರ್ಷ ಬಿಳೂರಿನ ಶಂಕರೆಪ್ಪ ಯಾವುದೋ ಮದುವೆಗೆಂದು ಉಟಗಿಗೆ ಬಂದ. ವ್ಯಾಪಾರಸ್ಥರ ಮನೆಯ ಆ ಮನುಷ್ಯ ಸೊಲ್ಲಾಪುರದ ಒಂದು ಬಟ್ಟೆ ಗಿರಣಿಯಲ್ಲಿ ಕಾರಕೂನ. ಗಿರಣಿಯ ಕ್ರಿಕೆಟ್ ತಂಡಕ್ಕೆ ಕ್ಯಾಪ್ಟನ್ ಕೂಡ. ಅಕ್ಷತೆ ಬೀಳುವ ಹೊತ್ತಿಗೆ ಅವನು ಮಂಟಪದಲ್ಲಿ ಇರಲಿಲ್ಲ. ಬಯಲಿನಲ್ಲಿ ನಿಂತು ಶಿದ್ರಾಯನ ಹೊಡೆತ ನೋಡುತ್ತಿದ್ದ. ಹೋಗುವಾಗ ಅವನನ್ನು ಜೊತೆಗೇ ಕರೆದುಕೊಂಡು ಹೋದ. ಹೆಸರಿಗೆ ಗೋದಾಮಿನ ಹಮಾಲಿ, ಅಸಲಿ ಕೆಲಸ ಚೆಂಡು ಬಡಿಯುವುದು, ಪಗಾರವೂ ಅದಕ್ಕೇ.

ಸೊಲ್ಲಾಪುರದ ಜನ ಅವನ ಹೆಸರು ಕೇಳುವ ಗೋಜಿಗೇ ಹೋಗಲಿಲ್ಲ. ಅವನು ಬ್ಯಾಟು ಹಿಡಿದು ಬಂದರೆ "ಧನಗರ ಆಲಾ, ಧನಗರ ಆಲಾ" ಎಂದು, ಅಂದರೆ ಕುರುಬ ಬಂದ ಎಂದು, ಮರಾಠಿಯಲ್ಲಿ ಕೂಗುತ್ತಿದ್ದರು, ಫೀಲ್ಡರುಗಳು ತಾವಾಗಿಯೇ ಹಿಂದೆ ಹಿಂದೆ ಸರಿಯುತ್ತಿದ್ದರು. ನೇರ ಹೊಡೆದರೆ ಗಿರಣಿಯ ಗೋಡೆ ದಾಟಿತು, ಬಲಕ್ಕೆ ಹೊಡೆದರೆ ರಸ್ತೆಯಾಚೆಯ ಚಹಾದಂಗಡಿಯ ತಗಡಿನ ಮೇಲೆ ಬಿತ್ತು. ಪಂಢರಪುರ, ಮಿರಜ, ಬಾರ್ಶಿ ಎಂದು ತಂಡ ಹೋದಲ್ಲೆಲ್ಲ ಅವನದೇ ಮಾತು. ಉಟಗಿಯಲ್ಲಿ ಎಸ್‌ಟಿ ಬಸ್ಸಿನಿಂದ ಇಳಿದವರು ಈ ಸುದ್ದಿಯನ್ನು ಸೀದಾ ಗುಡಿಯ ಕಟ್ಟೆಗೆ ತರುತ್ತಿದ್ದರು. ಅಮೋಗಸಿದ್ದ ಕೇಳಿಯೂ ಕೇಳದವನ ಹಾಗೆ ಎಲೆಅಡಿಕೆ ಮೆಲ್ಲುತ್ತ ಕೂಡುತ್ತಿದ್ದ. ಅವರು ಎದ್ದು ಹೊರಟರೆ ಮಾತ್ರ, "ಆ ತಗಡಿಂದು ಇನ್ನೊಮ್ಮಿ ಹೇಳ್ರಲಾ" ಎನ್ನುತ್ತಿದ್ದ.

ಇಂಥ ಭಾಗ್ಯ ಮೂರು ನಾಲ್ಕು ವರ್ಷ ನಡೆಯಿತು. ಆಮೇಲೆ ಎದುರಿನ ತಂಡಗಳಿಗೆ ಗುಟ್ಟು ಸಿಕ್ಕಿತು. ಈ ಧನಗರ ಎಡಕ್ಕೆ ಹೊಡೆಯುವುದೇ ಇಲ್ಲವಲ್ಲ! ಕಾಲಿನ ಮೇಲೆ ಚೆಂಡು ಹಾಕತೊಡಗಿದರು. ಯಾವ ಚೆಂಡನ್ನು ಸಣ್ಣ ಹುಡುಗನೂ ಎಡಕ್ಕೆ ಎತ್ತಿ ಒಗೆದಾನೋ, ಅದಕ್ಕೆ ಶಿದ್ರಾಯ ಬ್ಯಾಟು ಅಡ್ಡ ಹಿಡಿದು ಸುಮ್ಮನೆ ನಿಲ್ಲುತ್ತಿದ್ದ. "ಹೊಡಿ" ಎಂದು ಕೂಗುತ್ತಿದ್ದ ಜನರೇ ನಗತೊಡಗಿದರು.

ಮುಂದಿನ ಬೇಸಿಗೆಯಲ್ಲಿ ಶಂಕರೆಪ್ಪ ಶಿದ್ರಾಯನನ್ನು ಕರೆದುಕೊಂಡು ತಾನೇ ಉಟಗಿಗೆ ಬಂದ.

"ಬರ್ರಿ ಶಂಕರೆಪ್ಪಣ್ಣಾರ, ಕುಂದ್ರಿ," ಎಂದು ಅಮೋಗಸಿದ್ದ ಕಂಬಳಿ ಹಾಸಿದ. ಹೆಂಡತಿ ದುಂಡವ್ವ ಮಜ್ಜಿಗೆ ತಂದಿಟ್ಟಳು.

"ಪುಣೆದಾಗ ದೊಡ್ಡ ಮ್ಯಾಚ್ ಐತಿ," ಎಂದ ಶಂಕರೆಪ್ಪ. "ಮುಂಬೈದ ದೊಡ್ಡ ಗಿರಣಿಯವ್ರು ನೋಡಾಕ ಬರತಾರ. ಇಂವ ಎರಡೂ ಕಡೆ ಹೊಡದಾ ಅಂದ್ರ ಅವ್ರು ಬಿಡಾಂಗಿಲ್ಲ, ಇಂವನ ನಸೀಬ ತೆರೀತು. ಆದ್ರ ಆಣಿ ಅಂತಾನ. ಯಪ್ಪ ಬಿಡಿಸಿದ್ರ ಹೊಡೀತೀನಿ, ಇಲ್ಲಂದ್ರ ಇಲ್ಲ ಅಂತಾನ. ನೀವ ಒಂದ ಮಾತ ಹೇಳ್ರಿ."

ಶಿದ್ರಾಯ ಬಾಗಿಲ ಬಳಿ ನಿಂತು ಅಪ್ಪನ ಮುಖವನ್ನೇ ನೋಡುತ್ತಿದ್ದ.

ಅಮೋಗಸಿದ್ದನ ಕಿವಿಗೆ ಬಿದ್ದದ್ದು ಮುಂಬೈ ಒಂದೇ. ಸೊಲ್ಲಾಪುರವಾದರೆ ಅಮಾಸೆಗೊಮ್ಮೆ ಬಂದು ಹೋಗುವಷ್ಟು ಹತ್ತಿರ. ಮುಂಬೈಗೆ ಹೋದ ಮಗ ತಿರುಗಿ ಬಂದಾನೆಯೇ? ನಾಳೆ ಬೀರದೇವರಿಗೆ ನೀರು ಹಾಕುವವರು ಯಾರು? ಹೀಗೆ ದೇವರ ಹೆಸರಿನಲ್ಲಿ ಚಿಂತೆ ಮಾಡಿದ. ನಿಜ ಹೇಳಬೇಕೆಂದರೆ ಅವನಿಗೆ ಮಗ ಬೇಕಾಗಿದ್ದ.

"ಹೂಂ ಅಂದಬಿಡ್ರಿ," ಎಂದಳು ದುಂಡವ್ವ. "ಆಣಿ ಹಾಕಿದವ್ರು ನೀವ, ತಗಿಯಾವ್ರೂ ನೀವ."

"ನಾ ಯಾರ ತಗಿಯಾಕ? ಆಣಿ ದೇವ್ರ ಮುಂದ ಆಗೇತಿ. ಮುಂಜಾನಿ ದೇವ್ರನ್ನ ಕೇಳೂಣು."

ದೇವರನ್ನು ಕೇಳುವುದೆಂದರೆ ಕೌಲು ಹಚ್ಚುವುದು. ದೇವರ ಮುಖದ ಎಡಬಲಕ್ಕೆ ಎರಡು ಹೂವು ನೀರಿನಲ್ಲಿ ಅದ್ದಿ ಅಂಟಿಸುತ್ತಾರೆ. ಬಲದ ಹೂವು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಹೂವು ಅಂಟಿಸುವ ಹಕ್ಕು ಪೂಜಾರಿಯದು, ಅವನ ಕೈಯನ್ನು ಅನುಮಾನಿಸುವ ಪದ್ಧತಿ ಊರಿನಲ್ಲಿ ಇಲ್ಲ. ಮರುದಿನ ಅಮೋಗಸಿದ್ದ ಮಿಂದು ಬಂದು ಎಡದ ಹೂವನ್ನು ಮೆಲ್ಲಗೆ ತಾಕಿಸಿಟ್ಟ. ಬಲದ ಹೂವನ್ನು ಹೆಬ್ಬೆಟ್ಟಿನಿಂದ ಗಟ್ಟಿಯಾಗಿ ಒತ್ತಿದ. ಅಷ್ಟು ವರ್ಷದ ಪೂಜೆಯಲ್ಲಿ ಯಾರಿಗೂ ಹಾಗೆ ಮಾಡಿದವನಲ್ಲ, ಸ್ವಂತ ಮಗನಿಗೆ ಮಾಡಿದ.

ಎಡದ ಹೂವು ಬಿತ್ತು.

ಶಂಕರೆಪ್ಪ ನಿಟ್ಟುಸಿರು ಬಿಟ್ಟು ಚಪ್ಪಲಿ ಮೆಟ್ಟಿಕೊಂಡ. ಶಿದ್ರಾಯ ಬಗ್ಗಿ ಅಪ್ಪನ ಕಾಲು ಮುಟ್ಟಿ, ಹಣೆಗೆ ಭಂಡಾರ ಹಚ್ಚಿಕೊಂಡು ಬಸ್ಸಿಗೆ ಹೋದ.

ಪುಣೆಯಲ್ಲಿ ಆದದ್ದು ಆಮೇಲೆ ತಿಳಿಯಿತು. ಮೊದಲಿಗೆ ಒಂದು ಹೊಡೆತ ನೇರ ಹೋಗಿ ಜನರ ನಡುವೆ ಬಿದ್ದಿತಂತೆ, ಮುಂಬೈಯವರು ಕುರ್ಚಿ ಬಿಟ್ಟು ಎದ್ದು ನಿಂತರಂತೆ. ಆಮೇಲೆ ಬೌಲರ್ ಕಾಲಿನ ಮೇಲೆ ಹಾಕತೊಡಗಿದ. ಶಿದ್ರಾಯ ತಡೆದ, ಮತ್ತೆ ತಡೆದ, ಕೊನೆಗೆ ಕಾಲಿನ ಹಿಂದಿನಿಂದ ಚೆಂಡು ನುಸುಳಿ ಕೋಲು ಬಿತ್ತು. ಮುಂಬೈಯವರು ಕುಳಿತುಕೊಂಡರು. ಅದಾದ ಮೇಲೆ ಗಿರಣಿಯಲ್ಲೂ ಅವನ ಕಿಮ್ಮತ್ತು ಇಳಿಯುತ್ತ ಹೋಯಿತು. ಹೆಸರಿಗೆ ಇದ್ದ ಹಮಾಲಿ ನಿಜವಾದ ಹಮಾಲಿಯಾಯಿತು. ಅರಳೆಯ ಗಂಟು ಹೊತ್ತು ಹೊತ್ತು ಭುಜ ಹಿಡಿದುಕೊಂಡಿತು, ಬ್ಯಾಟು ಎತ್ತುವುದೂ ಕಷ್ಟವಾಯಿತು. ಒಂದು ದಿನ ಬಸ್ಸಿನಿಂದ ಇಳಿದು ಮನೆಗೆ ಬಂದವನು ಮರುದಿನ ಮುಂಜಾನೆ ಕುರಿ ಹೊಡೆದುಕೊಂಡು ಹೋದ.

ಅಮೋಗಸಿದ್ದನಿಗೆ ಬೇಕಾದದ್ದು ಸಿಕ್ಕಿತ್ತು. ಮಗ ಮನೆಯಲ್ಲಿದ್ದ, ಪೂಜೆ ಕಲಿಯುತ್ತಿದ್ದ, ಎದುರು ಮಾತಾಡುತ್ತಿರಲಿಲ್ಲ. ಆದರೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಬಯಲಿನಲ್ಲಿ ಆಟ ನಡೆದಾಗ ಶಿದ್ರಾಯ ಕುರಿಗಳನ್ನು ಸುತ್ತು ಬಳಸಿ ಬೇರೆ ದಾರಿಯಲ್ಲಿ ತರುತ್ತಿದ್ದ. ಅದನ್ನು ಕಂಡಾಗಲೆಲ್ಲ ತಂದೆ ಕಟ್ಟೆಯಿಂದ ಎದ್ದು ಗುಡಿಯೊಳಗೆ ಹೋಗುತ್ತಿದ್ದ. ಕೌಲು ಹಚ್ಚಿಸಲು ಬಂದವರನ್ನು ಏನೋ ನೆಪ ಹೇಳಿ ಕಳಿಸತೊಡಗಿದ. ತನ್ನ ಕೈಯ ಮೇಲೆ ತನಗೇ ಅಸಹ್ಯವಾಗಿತ್ತು.

ಸುಗ್ಗಿ ಮುಗಿದ ಮೇಲೆ ಬೆಳುಂಕಿಯ ಒಬ್ಬ ರೈತನ ಹೊಲದಲ್ಲಿ ಕುರಿ ನಿಲ್ಲಿಸಿದ್ದರು. ಜೋಳದ ಕೂಳೆಯ ನಡುವೆ ಅಪ್ಪ ಮಗ ಬುತ್ತಿ ಬಿಚ್ಚಿ ಕುಳಿತಿದ್ದರು. ಅಮೋಗಸಿದ್ದ ರೊಟ್ಟಿ ಮುರಿದವನು ಬಾಯಿಗಿಡಲಿಲ್ಲ.

"ಶಿದ್ರಾಯಾ, ಅವತ್ತ ದೇವ್ರು ಬ್ಯಾಡ ಅಂದಿದ್ದಿಲ್ಲೋ ತಮ್ಮಾ. ಬಲಗಡಿ ಹೂವ ನಾನ ಒತ್ತಿದ್ದೆ."

ಶಿದ್ರಾಯ ಉಳ್ಳಾಗಡ್ಡಿ ಜಜ್ಜುತ್ತಿದ್ದ. ಕೈ ನಿಲ್ಲಲಿಲ್ಲ.

"ಗೊತ್ತೈತಿ."

"ಗೊತ್ತಿತ್ತಾ?"

"ಬೌಲರನ ಬೆರಳ ತುದಿ ಬಿಟ್ಟ ಚೆಂಡ ಹೊಳ್ಳೂದು ಕಾಣತಿತ್ತ ನನಗ. ನಿನ್ನ ಹೆಬ್ಬಟ್ಟ ಕಾಣಾಂಗಿಲ್ಲೇನ ಯಪ್ಪಾ?"

"ಮತ್ತ ಯಾಕ ಸುಮ್ಮನಾದಿ? ಅದು ಖೊಟ್ಟಿ ಕೌಲು. ಪುಣೆದಾಗ ಹೊಡೀಬೇಕಿತ್ತಲ್ಲೋ, ಯಾರ ಬ್ಯಾಡ ಅಂತಿದ್ರು?"

ಅಮೋಗಸಿದ್ದನ ದನಿ ಅಳುವಿನಂತಿತ್ತು. ಶಿದ್ರಾಯ ಆಗ ತಲೆಯೆತ್ತಿ ನೋಡಿದ. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ತಂದೆಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತಿತ್ತು.

"ನಾ ದೇವ್ರನ್ನ ಕೇಳಾಕ ಬಂದಿದ್ದಿಲ್ಲ ಯಪ್ಪಾ. ನಿನ್ನ ಕೇಳಾಕ ಬಂದಿದ್ದೆ. ನೀ ಬ್ಯಾಡ ಅಂದಿ."

ಅಷ್ಟು ಹೇಳಿ ರೊಟ್ಟಿ ಮುಗಿಸಿ, ಕೈ ತೊಳೆದುಕೊಂಡು, ಮೇಯುತ್ತ ದೂರ ಹೋಗಿದ್ದ ಕುರಿಗಳ ಕಡೆ ನಡೆದ. ಒಂದು ಹೂಂ ಎಂದಿದ್ದರೆ ಸಾಕಿತ್ತು ಎಂದು ಅಮೋಗಸಿದ್ದನಿಗೆ ಈಗ ತಿಳಿಯಿತು. ಆ ಹೂಂ ಅವನ ಬಾಯಿಗೂ ಬಂತು. ಜೋರಾಗಿಯೇ ಅಂದ. ಆದರೆ ಅದನ್ನು ಕೇಳಲು ಬಂದವನು ಅಷ್ಟೊತ್ತಿಗೆ ಹೊಲದ ಆ ತುದಿ ಮುಟ್ಟಿದ್ದ.