ಹಬೀಬಾಳ ನಲವತ್ತೈದು ದಿನ

ಹೋಗುವುದೋ, ಇರುವುದೋ? ಮೂರು ವರ್ಷಗಳಿಂದ ನಮ್ಮ ಶಹಾಪುರ, ಸುರಪುರ, ಯಾದಗಿರಿ ಕಡೆಯ ಎಷ್ಟೋ ಮನೆಗಳಲ್ಲಿ ಇದೊಂದೇ ಮಾತು. ಅಣ್ಣ ಇಲ್ಲಿದ್ದರೆ ತಮ್ಮ ಕರಾಚಿಯಲ್ಲಿದ್ದಾನೆ. ಅಲ್ಲಿಂದ ಕಾಗದ ಬಂದಾಗಲೆಲ್ಲ ಅದೇ ಚರ್ಚೆ ಮತ್ತೆ ಶುರುವಾಗುತ್ತದೆ. ಮಾತಾಡಿ ಮಾತಾಡಿ ಜನರಿಗೆ ಸಾಕಾಗಿದೆ.

ಶಹಾಪುರದ ಲಾಡ್ಲೇಸಾಬನ ಮನೆಯಲ್ಲೂ ಹೀಗೇ ಇತ್ತು. ಅವನದು ಕಲಾಯಿ ಕೆಲಸ. ತಿದಿ ಹೊತ್ತುಕೊಂಡು ಹಳ್ಳಿ ಹಳ್ಳಿ ತಿರುಗಿ, ತಾಮ್ರ ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿದು ಬೆಳ್ಳಗೆ ಮಾಡಿಕೊಡುತ್ತಿದ್ದ. ಈಚೆಗೆ ಸಂತೆಗೆ ಅಲ್ಯೂಮಿನಿಯಂ ಪಾತ್ರೆ ಬಂದಿದ್ದವು. ಅವಕ್ಕೆ ಕಲಾಯಿ ಬೇಡ. ನಾಲ್ಕು ಹಳ್ಳಿ ತಿರುಗಿದರೂ ಒಂದು ಹಂಡೆ ಸಿಗುವುದು ಕಷ್ಟವಾಗಿತ್ತು. ಮನೆಯಲ್ಲಿ ಹೆಂಡತಿ ಮುನ್ನಿಬೀ, ಇಬ್ಬರು ಹೆಣ್ಣುಮಕ್ಕಳು, ಹಾಸಿಗೆ ಹಿಡಿದ ತಾಯಿ ಹುಸೇನಬೀ.

ಅವನಿಗೆ ಒಬ್ಬಳೇ ತಂಗಿ, ಹಬೀಬಾ. ಅವಳ ಗಂಡ ಬಾಷುಮಿಯಾ ಸುರಪುರದ ರಂಗಂಪೇಟೆಯವನು. ನಿಜಾಮರ ಆಳ್ವಿಕೆ ಕೊನೆಯಾದ ಗದ್ದಲದ ವರ್ಷ ಕಳೆದ ಮೇಲೆ, ನಲವತ್ತೊಂಬತ್ತರ ಆರಂಭದಲ್ಲಿ, ಅವನು ಮನೆಗೆ ಬೀಗ ಹಾಕಿ ಹೆಂಡತಿಯ ಜೊತೆ ಕರಾಚಿಗೆ ಹೋದ. ಅಲ್ಲಿ ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಐದು ವರ್ಷ ದುಡಿದು ಬರುತ್ತೇವೆ ಎಂದು ಹೇಳಿ ಹೋಗಿದ್ದರು.

ಈ ವರ್ಷ ಚಳಿಗಾಲದಲ್ಲಿ ಬಾಷುಮಿಯಾನ ಕಾಗದ ಬಂತು. ಇಲ್ಲಿ ನಿನಗೂ ಕೆಲಸ ಇದೆ, ಎಲ್ಲರನ್ನೂ ಕರೆದುಕೊಂಡು ಬಾ ಎಂದು ಬರೆದಿದ್ದ. ಲಾಡ್ಲೇಸಾಬ ಹೈದರಾಬಾದಿನ ಒಬ್ಬ ದಲಾಲನಿಂದ ಅಲ್ಲಿಗೆ ಹೋಗುವ ಪರವಾನಗಿಗೆ ಅರ್ಜಿಯ ಫಾರಂ ತರಿಸಿದ. ಅದನ್ನು ಪಕ್ಕದ ಮನೆಯ ಬಸವಂತರಾಯನ ಹತ್ತಿರ ಒಯ್ದ. ಬಸವಂತರಾಯ ವಕೀಲರೊಬ್ಬರ ಬಳಿ ಗುಮಾಸ್ತ. ನಿಜಾಮರ ಕಾಲದ ಶಾಲೆಯಲ್ಲಿ ಇಬ್ಬರೂ ಒಂದೇ ಹಲಗೆಯ ಮೇಲೆ ಕೂತು ಉರ್ದು ಕಲಿತವರು. ಲಾಡ್ಲೇಸಾಬ ಎರಡನೇ ಇಯತ್ತೆಗೆ ಬಿಟ್ಟ, ಬಸವಂತರಾಯ ಮುಂದೆ ಓದಿದ.

ಬಸವಂತರಾಯ ಫಾರಂ ಅನ್ನು ಎರಡು ಸಲ ಓದಿದ.

"ಇಲ್ಲಿ ಒಂದು ಖಾನೆ ಅದ ನೋಡು. ಸ್ವಲ್ಪ ದಿನಕ್ಕ ಹೋಗ್ತೀಯೋ, ಕಾಯಂ ನೆಲಸಾಕ ಹೋಗ್ತೀಯೋ ಅಂತ ಕೇಳ್ಯಾರ. ಕಾಯಂ ಅಂತ ಯಾರು ಬರದ್ರು?"

"ದಲಾಲ ಬರದಾನ. ಕಾಯಂ ಅಂದ್ರ ಲಗೂನ ಮಂಜೂರಾಗ್ತದಂತ. ಸ್ವಲ್ಪ ದಿನಕ್ಕ ಅಂದ್ರ ತಡ ಆಗ್ತದಂತ."

"ನೀ ಕಾಯಂ ಹೋಗಾಕತ್ತೀಯೇನು?"

"ಇಲ್ಲ. ಐದು ವರ್ಷ. ಆಮ್ಯಾಲ ಬರ್ತೀನಿ."

"ಮತ್ತ ಈ ಖಾನೆದಾಗ ಅಂಗೂಠಾ ಒತ್ತಬ್ಯಾಡ."

ಹೆಬ್ಬೆಟ್ಟು ಒತ್ತಲು ತಯಾರಾಗಿ ಬಂದಿದ್ದ ಲಾಡ್ಲೇಸಾಬನಿಗೆ ಬೇಸರವಾಯಿತು. "ಕಾಗದದಾಗ ಏನರ ಇರಲಿ ಬಸವಂತಣ್ಣ. ನಮ್ಮಪ್ಪನ ಗೋರಿ ಇಲ್ಲೇ ಅದ. ಮನಿ ಇಲ್ಲೇ ಅದ. ಹುಟ್ಟಿದ ಊರಿಗೆ ಬರಾಕ ಯಾರ ಪರವಾನಗಿ ಬೇಕು?"

"ಊರಾನ ಮಂದಿ ನಿನ್ನ ಮುಖ ನೋಡಿ ಗುರ್ತು ಹಿಡೀತಾರ. ಸರಕಾರ ಕಾಗದ ನೋಡ್ತದ."

ಲಾಡ್ಲೇಸಾಬ ಫಾರಂ ಮಡಚಿಕೊಂಡು ಎದ್ದುಹೋದ. ವಕೀಲರ ಜೊತೆ ಇದ್ದೂ ಇದ್ದೂ ಇವನಿಗೆ ಎಲ್ಲದರಲ್ಲೂ ತೊಡಕೇ ಕಾಣುತ್ತದೆ ಎಂದು ಮನೆಯಲ್ಲಿ ಹೇಳಿದ. ಮುನ್ನಿಬೀ ರೊಟ್ಟಿ ಬಡಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಮೂರು ವರ್ಷದಾಗ ಎರಡು ಸಲ ಗಂಟು ಕಟ್ಟಿ ಬಿಚ್ಚೀನಿ. ಇನ್ನೊಂದು ಸಲ ಕಟ್ಟಾಕ ನನ್ನ ಕೈಯಾಗ ಆಗಂಗಿಲ್ಲ" ಎಂದಳು. ಅಷ್ಟೇ.

ಬೇಸಿಗೆ ಬರುವ ಹೊತ್ತಿಗೆ ಹುಸೇನಬೀಗೆ ಕಾಯಿಲೆ ಜಾಸ್ತಿಯಾಯಿತು. ಅನ್ನ ಇಳಿಯುತ್ತಿರಲಿಲ್ಲ. ಬಾಯಲ್ಲಿ ಹಬೀಬಾಳ ಹೆಸರು ಒಂದೇ. ಕರಾಚಿಗೆ ತಂತಿ ಕೊಟ್ಟರು. ಹಬೀಬಾ ತನ್ನ ಎರಡು ವರ್ಷದ ಮಗಳನ್ನು ನೆರೆಯವರ ಕೈಗೆ ಒಪ್ಪಿಸಿ, ಕರಾಚಿಯಲ್ಲಿರುವ ಹಿಂದುಸ್ತಾನದ ಕಚೇರಿಯ ಮುಂದೆ ಹನ್ನೆರಡು ದಿನ ನಿಂತು, ಒಂದು ತಿಂಗಳ ಪರವಾನಗಿ ಪಡೆದಳು. ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ರೈಲಿನಲ್ಲಿ ಯಾದಗಿರಿಗೆ ಬಂದಳು.

ತಾಯಿ ಮಗಳ ಗುರುತು ಹಿಡಿದಳು. ಆ ದಿನ ಎರಡು ಚಮಚ ಗಂಜಿ ಕುಡಿದಳು.

ಮರುದಿನ ಬೆಳಿಗ್ಗೆ ಲಾಡ್ಲೇಸಾಬ ತಂಗಿಯನ್ನು ಠಾಣೆಗೆ ಕರೆದುಕೊಂಡು ಹೋಗಬೇಕಾಯಿತು. ಬಂದವರು ಅಲ್ಲಿ ಹೆಸರು ಬರೆಸಬೇಕೆಂದು ಪರವಾನಗಿಯಲ್ಲೇ ಇತ್ತು. ಠಾಣೆಯ ಜಮಾದಾರ ಅಯ್ಯಣ್ಣ ಇದೇ ಓಣಿಯಲ್ಲಿ ಹಬೀಬಾಳ ಜೊತೆ ಆಡಿ ಬೆಳೆದವನು. ಅವನು ತಲೆ ಬಗ್ಗಿಸಿ ಬರೆಯುತ್ತಲೇ ಕೇಳಿದ.

"ಹೆಸರು?"

"ಗೊತ್ತಿಲ್ಲೇನು ನಿನಗ?"

"ಗೊತ್ತದವ್ವ. ಕೇಳಿ ಬರೀಬೇಕು. ಯಾವ ದೇಶದಾಕಿ?"

ಹಬೀಬಾ ಅಣ್ಣನ ಮುಖ ನೋಡಿದಳು. ಅಯ್ಯಣ್ಣ ಪರವಾನಗಿ ನೋಡಿ ತಾನೇ ಬರೆದುಕೊಂಡ. "ಶಹಾಪುರ ಬಿಟ್ಟು ಬ್ಯಾರೆ ಊರಿಗೆ ಹೋಗಬ್ಯಾಡವ್ವ. ಇದರಾಗ ಶಹಾಪುರ ಒಂದೇ ಅದ" ಎಂದ.

ಸುರಪುರ ಇಲ್ಲಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿ. ತನ್ನ ಮನೆಯನ್ನೊಮ್ಮೆ ನೋಡಬೇಕೆಂದು ಹಬೀಬಾ ಎಷ್ಟೋ ಆಸೆಪಟ್ಟಿದ್ದಳು. ಕೊನೆಗೆ ಬಸವಂತರಾಯ ಕೋರ್ಟಿನ ಕೆಲಸಕ್ಕೆ ಅಲ್ಲಿಗೆ ಹೋದಾಗ ನೋಡಿಕೊಂಡು ಬಂದ.

"ಮನಿ ಚಂದ ಅದ ತಂಗೀ. ಬಿದ್ದಿಲ್ಲ. ಆದ್ರ ಅದು ಈಗ ಕಸ್ಟೋಡಿಯನ್ ಸಾಹೇಬರ ತಾಬೆದಾಗ ಅದ. ಬಿಟ್ಟು ಹೋದವರ ಆಸ್ತಿ ನೋಡ್ಕೊಳ್ಳಾಕ ಸರಕಾರ ಇಟ್ಟ ಅಧಿಕಾರಿ ಅವ್ರು. ಬಾಗಿಲ ಮ್ಯಾಲ ನಂಬರ ಬರದಾರ. ಒಳಗ ಬ್ಯಾರೆ ಮಂದಿ ಅದಾರ."

"ನಾವು ಬಿಟ್ಟು ಹೋಗಿಲ್ಲಲ್ಲ ಅಣ್ಣ. ಬೀಗ ಹಾಕಿ ಹೋಗೀವಿ."

"ಫಾರಂನಾಗ ಏನು ಬರೆಸಿದ್ರಿ?"

"ನನಗೇನು ಗೊತ್ತು. ನಮ್ಮ ಮನಿಯವ್ರು ಇಲ್ಲಿ ಅಂಗೂಠಾ ಒತ್ತು ಅಂದ್ರು, ಒತ್ತಿದೆ. ಯಾರೂ ಓದಿ ಹೇಳಲಿಲ್ಲ."

ಪಕ್ಕದಲ್ಲಿ ಕೂತಿದ್ದ ಲಾಡ್ಲೇಸಾಬ ಈ ಮಾತು ಕೇಳಿದ.

ಇಪ್ಪತ್ತೈದು ದಿನ ಕಳೆಯಿತು. ಹುಸೇನಬೀ ಹಾಗೇ ಇದ್ದಳು. ಸುಧಾರಿಸಲೂ ಇಲ್ಲ, ಹೋಗಲೂ ಇಲ್ಲ. ಮಗಳು ಮತ್ತು ಸೊಸೆ ಸರದಿಯಂತೆ ಅವಳ ಮಗ್ಗುಲು ಬದಲಿಸಿ, ಬೆನ್ನಿಗೆ ಎಣ್ಣೆ ಹಚ್ಚಿ, ಬಟ್ಟೆ ಒಗೆದು ಸೋತುಹೋಗಿದ್ದರು. ಬಸವಂತರಾಯ ಅವಧಿ ಮುಂದುವರಿಸಲು ಅರ್ಜಿ ಬರೆದ. ಕಲಬುರಗಿಗೆ ತಾನೇ ಹೋಗಿ ಕೊಟ್ಟ. ಹದಿನೈದು ದಿನ ಸಿಕ್ಕಿತು. ಇನ್ನು ಸಿಗುವುದಿಲ್ಲ ಎಂದು ಅದರಲ್ಲೇ ಬರೆದಿದ್ದರು.

"ಕಾಯಂ ಇರಾಕ ಪರವಾನಗಿ ಕೇಳಿದ್ರ?" ಲಾಡ್ಲೇಸಾಬ ಕೇಳಿದ.

"ಅದು ಬ್ಯಾರೆ ಪರವಾನಗಿ. ಅಲ್ಲಿಂದಲೇ ಕೇಳಿ, ಮಂಜೂರಾದ ಮ್ಯಾಲ ಬರಬೇಕು. ನೋಡಿ ಹೋಗಾಕ ಬಂದಾಕಿ ಇಲ್ಲೇ ಕೂತು ಇರ್ತೀನಿ ಅಂದ್ರ ಆಗಂಗಿಲ್ಲ. ಹೋದ ವರ್ಷ ಜನವರಿದಾಗ ಸಂವಿಧಾನ ಬಂತಲ್ಲ, ಅದರಾಗ ಬರದಾರ. ಇಲ್ಲೇ ಹುಟ್ಟಿ ಇಲ್ಲೇ ಇದ್ದವ್ರು ಈ ದೇಶದವ್ರು. ನೀನೂ, ನಾನೂ. ಅಲ್ಲಿಗೆ ನೆಲಸಾಕ ಹೋದವ್ರಿಗೆ ಆ ಹಕ್ಕು ಉಳಿಯಂಗಿಲ್ಲ."

ನಲವತ್ತನೇ ದಿನ ಮಧ್ಯಾಹ್ನ ಮುನ್ನಿಬೀ ಬಾವಿಯಿಂದ ನೀರು ತಂದಾಗ ಹಬೀಬಾ ಬಚ್ಚಲ ಮಗ್ಗುಲಲ್ಲಿ ಕೂತು ಬಟ್ಟೆ ಹಿಂಡುತ್ತಿದ್ದಳು. ಹಿಂಡಿದ್ದನ್ನೇ ಮತ್ತೆ ಹಿಂಡುತ್ತಿದ್ದಳು.

"ಭಾಬಿ, ನಿಮಗೊಂದು ಹೇಳ್ತೀನಿ. ಅಣ್ಣಗ ಹೇಳಬ್ಯಾಡ್ರಿ."

"ಹೇಳವ್ವ."

"ದಿನಾ ಮುಂಜಾನಿ ಎದ್ದು ಎಷ್ಟು ದಿನ ಉಳಿದಾವ ಅಂತ ಎಣಿಸ್ತೀನಿ. ಆಮ್ಯಾಲ ಅಮ್ಮನ ಉಸಿರು ನೋಡ್ತೀನಿ. ನಾ ಇದ್ದಾಗಲೇ ಹೋಗಿಬಿಟ್ರ ಮಣ್ಣಿಗರ ಇರ್ತಿದ್ದೆ ಅನಸ್ತದ. ಹಡೆದ ತಾಯಿ ಸಾಯ್ಲಿ ಅಂತ ಕಾಯಾಕತ್ತೀನಿ ಭಾಬಿ."

ಮುನ್ನಿಬೀ ಕೊಡ ಇಳಿಸಿ ಅವಳ ಪಕ್ಕ ಕೂತಳು. ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ತಾನು ಜಾಡಿಸಿ ಹಗ್ಗಕ್ಕೆ ಹಾಕಿದಳು. ಸಂಜೆ ಮುನ್ನಿಬೀ ಈ ಮಾತನ್ನು ಗಂಡನಿಗೆ ಹೇಳಿದಳು. ಹೇಳಬೇಡ ಅಂದಿದ್ದರೂ ಹೇಳಿದಳು. ಅವನು ಕೇಳಲೇಬೇಕು ಎಂದು ಅವಳಿಗೆ ಅನಿಸಿತ್ತು.

ನಲವತ್ತೈದನೇ ದಿನ ಹಬೀಬಾ ತಾಯಿಯ ಪಾದ ಮುಟ್ಟಿ ಹೊರಟಳು. ಹುಸೇನಬೀ ನಿದ್ದೆಯಲ್ಲಿದ್ದಳು. ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ. ಯಾದಗಿರಿ ನಿಲ್ದಾಣದಲ್ಲಿ ರೈಲು ಎರಡು ತಾಸು ತಡವಾಗಿ ಬಂತು. ಅಣ್ಣತಂಗಿ ಅಷ್ಟು ಹೊತ್ತೂ ಬೇವಿನ ನೆರಳಲ್ಲಿ ಕೂತಿದ್ದರು. ಹಬೀಬಾ ಒಂದೇ ಮಾತು ಹೇಳಿದಳು: "ನೀ ಬರಬ್ಯಾಡ ಅಂತ ನಾ ಹೇಳಂಗಿಲ್ಲ. ನೀ ಬಂದ್ರ ನನಗ ಆಸರ. ಆದ್ರ ಬರೋ ಮೊದ್ಲ ಓದಿಸಿ ನೋಡು."

ಲಾಡ್ಲೇಸಾಬ ಮನೆಗೆ ಬಂದಾಗ ಮುನ್ನಿಬೀ ನೀರು ಕೊಟ್ಟು ಎದುರಿಗೆ ಕೂತಳು.

"ನೀವು ಹೋಗಬೇಕಂದ್ರ ಹೋಗ್ರಿ. ದುಡಿಯಾಕ ಹೋಗೋದು ತಪ್ಪಲ್ಲ. ಆದ್ರ ಆ ಫಾರಂಗ ನಾ ಅಂಗೂಠಾ ಒತ್ತಂಗಿಲ್ಲ. ನನ್ನ ಹೆಣ್ಣುಮಕ್ಕಳು ನಾಳೆ ನನ್ನ ನೋಡಾಕ ತಿಂಗಳ ಲೆಕ್ಕದಾಗ ಬರಬಾರ್ದು."

ಅವನು ಫಾರಂ ತೆಗೆದುಕೊಂಡು ಪಕ್ಕದ ಮನೆಗೆ ಹೋದ. "ಬಸವಂತಣ್ಣ, ಇದು ನನಗ ಬ್ಯಾಡ. ತಂಗೀನ ಒಮ್ಮೆ ನೋಡಿ ಬರಬೇಕಂದ್ರ ಏನು ಮಾಡಬೇಕು?"

"ಸ್ವಲ್ಪ ದಿನಕ್ಕ ಅಂತ ಬರೆಸು. ಹೊರಡೋ ಮೊದ್ಲ ವಾಪಸ್ ಬರಾಕ ಅಡ್ಡಿ ಇಲ್ಲ ಅಂತ ಇಲ್ಲಿ ಸರಕಾರದಿಂದ ಪರವಾನಗಿ ತಗೋ. ಹೆಂಡತಿ ಮಕ್ಕಳು ಮನ್ಯಾಗ ಇರಲಿ. ಬರದ ತಾರೀಖಿನೊಳಗ ತಿರುಗಿ ಬಾ. ತಡ ಆದ್ರ ಆಗಲಿ, ದಲಾಲನ ಮಾತು ಕೇಳಬ್ಯಾಡ."

ಹಬೀಬಾ ಹೋದ ಹನ್ನೊಂದನೇ ದಿನ ಹುಸೇನಬೀ ತೀರಿಕೊಂಡಳು. ಲಾಡ್ಲೇಸಾಬ ಈಗ ಯಾದಗಿರಿಯ ಒಂದು ಎಣ್ಣೆ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಗಳಿಕೆ ಕರಾಚಿಯಷ್ಟಿಲ್ಲ. ಶನಿವಾರ ಸಂಜೆ ಮನೆಗೆ ಬರುತ್ತಾನೆ. ತಂಗಿಯನ್ನು ನೋಡಲು ಎರಡು ತಿಂಗಳ ಪರವಾನಗಿಗೆ ಅರ್ಜಿ ಹಾಕಿ ಕಾಯುತ್ತಿದ್ದಾನೆ. ಚುನಾವಣೆಯ ಪಟ್ಟಿ ಬರೆಯಲು ಬಂದವರಿಗೆ ತನ್ನ ಹೆಸರನ್ನೂ ಮುನ್ನಿಬೀಯ ಹೆಸರನ್ನೂ ಹೇಳಿ ಬರೆಸಿದ್ದಾನೆ.

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೆ, ಅಕ್ಕಂದಿರೆ, ನಿಮಗೂ ಅಂಥದೊಂದು ಕಾಗದ ಬಂದಿರಬಹುದು. ಹೋಗಿ ಎಂದಾಗಲಿ ಇರಿ ಎಂದಾಗಲಿ ನಾವು ಹೇಳುವುದಿಲ್ಲ. ಅದು ನಿಮ್ಮ ಮನೆಯವರು ಕೂತು ತೀರ್ಮಾನಿಸುವ ಮಾತು. ಆದರೆ ಸ್ವಲ್ಪ ದಿನಕ್ಕೆ ಹೋಗುವವರು ಕಾಯಂ ಎಂದು ಬರೆಸಬೇಡಿ. ತಿರುಗಿ ಬರುವ ಪರವಾನಗಿ ಕೈಗೆ ಸಿಗುವ ತನಕ ಊರು ಬಿಡಬೇಡಿ. ಕಾಯಂ ಹೋಗಲೇಬೇಕು ಎನ್ನುವವರು ಇಲ್ಲಿ ಏನೇನು ಬಿಟ್ಟುಕೊಡುತ್ತೀರಿ ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಿ. ನಿಮ್ಮ ಊರಲ್ಲೂ ಓದಬಲ್ಲ ಮಾಸ್ತರರೋ, ಗುಮಾಸ್ತರೋ, ಪಟವಾರಿಯೋ ಇರುತ್ತಾರೆ. ಅವರ ಹತ್ತಿರ ಹೋಗಿ. ಹೋಗುವಾಗ ಮನೆಯ ಹೆಂಗಸರನ್ನೂ ಕರೆದುಕೊಂಡು ಹೋಗಿ, ಅವರ ಎದುರಿಗೇ ಕಾಗದ ಓದಿಸಿ. ಗಂಡಸು ಬರೆಸಿದ ಒಂದು ಮಾತಿನಿಂದ ಅವರ ತವರೂ ಹೋಗುತ್ತದೆ.