ಗೆರೆಯೋನನ ಹಿಡಿಕೆ

1914ರ ನವೆಂಬರ್ ಹನ್ನೊಂದು, ಸಂತ ಮಾರ್ಟಿನರ ಹಬ್ಬ. ಯುದ್ಧಕ್ಕೆ ಹೋದ ಮಗನಿಗೆ ನಾನು ಬರೆದಿದ್ದ ಕಾಗದವೇ ಆ ದಿನ ತಿರುಗಿ ಬಂತು. ಮೇಲೆ ನೇರಳೆ ಪೆನ್ಸಿಲಿನಲ್ಲಿ ‘ರಣದಲ್ಲಿ ಮಡಿದರು’ ಎಂದು ಬರೆದಿತ್ತು. ಗೆರೆಯೋನನಿಗೆ ಇಪ್ಪತ್ತಾರು ವರ್ಷ.

ಅವನ ಆತ್ಮಕ್ಕೆ ಚರ್ಚಿನಲ್ಲಿ ಪೂಜೆ ಹೇಳಿಸಿ ಮನೆಗೆ ಬಂದರೆ ಹಾಸೆಲ್‌ಕಾಂಪನ ಕಾರ್ಖಾನೆಯ ಸಾಮಾನುಗಳ ಚಿತ್ರಪಟ್ಟಿ ಬಂದು ಬಿದ್ದಿತ್ತು. ಮೊದಲ ಪುಟದಲ್ಲೇ ಗೆರೆಯೋನ್ ಮಾಡಿದ ಬಾಗಿಲ ಹಿಡಿಕೆ. ಕೆಳಗೆ ‘ರಚನೆ: ಕುನೊ ಹಾಸೆಲ್‌ಕಾಂಪ್’.

ನಾನು, ನನ್ನ ಮಗ, ಆ ಹಾಸೆಲ್‌ಕಾಂಪ್, ಮೂವರೂ ವೆರ್ಕ್‌ಬುಂಡ್‌ನ ಸದಸ್ಯರು. ಕಲಾವಿದರೂ ಕುಶಲಕರ್ಮಿಗಳೂ ಕಾರ್ಖಾನೆಯವರೂ ಕೂಡಿ ಏಳು ವರ್ಷದ ಹಿಂದೆ ಕಟ್ಟಿದ ಸಂಘ ಅದು. ಆ ಬೇಸಗೆಯಲ್ಲಿ ನಮ್ಮ ಕಲೋನ್ ನಗರದಲ್ಲೇ ಅದರ ದೊಡ್ಡ ಪ್ರದರ್ಶನ ನಡೆದಿತ್ತು. ಜರ್ಮನಿಯಲ್ಲೆಲ್ಲ ಸಾಮಾನುಗಳಿಗೆ ಒಂದೇ ಮಾದರಿ ಇರಲಿ ಎಂದು ಅರ್ಧ ಜನ, ಮಾಡುವವನ ಮನಸ್ಸಿಗೆ ಬಿಡಿ ಎಂದು ಅರ್ಧ ಜನ ಕಿತ್ತಾಡಿದರು. ಆಗಸ್ಟಿನಲ್ಲಿ ಯುದ್ಧ ಬಂದು ಪ್ರದರ್ಶನ ಮುಚ್ಚಿತು, ಗೆರೆಯೋನ್ ಸೈನ್ಯಕ್ಕೆ ಹೋದ. ಹಿಡಿಕೆಗೆ ಅವನು ಮಾಡಿದ್ದ ಮೇಣದ ಅಚ್ಚನ್ನು ಹಾಸೆಲ್‌ಕಾಂಪ್ ಎತ್ತಿಕೊಂಡು ಹೋದ.

ಆ ಅಚ್ಚು ನನ್ನ ಕೈಯದು. ನಾನು ಬಡಗಿ, ಬಲಗೈಯ ಉಂಗುರದ ಬೆರಳು ಗರಗಸಕ್ಕೆ ಹೋಗಿದೆ. ಅಪ್ಪನಿಗೆ ಬಾಗಿಲು ತೆರೆಯಲು ನೋವಾಗದಿರಲಿ ಎಂದು ಗೆರೆಯೋನ್ ಮೇಣವನ್ನು ನನ್ನ ಮುಷ್ಟಿಗೆ ಕೊಟ್ಟು ಒತ್ತಿಸಿದ್ದ. ಬೆರಳಿಲ್ಲದ ಕಡೆ ಮೇಣ ಉಬ್ಬಿ ನಿಂತಿತು.

ಮಾರ್ಚಿನಲ್ಲಿ ಸಂಘದ ಊರಿನ ಸದಸ್ಯರ ಸಭೆ ಸೇರಿತು. ಕಾರ್ಖಾನೆಯಲ್ಲಿ ಮಾಡಿದ ಹಿಡಿಕೆ ಕೈಯಿಂದ ಕೈಗೆ ಹೋಯಿತು.

“ಇಲ್ಲೇನಯ್ಯಾ ಇದು ಗಂಟು? ಬೆರಳಿಗೆ ಒತ್ತುತ್ತೆ!” ಎಂದರು ಅಧ್ಯಕ್ಷರು.

“ಸಾವಿರ ಕೈ ಅಳೆದು ಮಾಡಿದ್ದು ಸ್ವಾಮಿ,” ಎಂದ ಹಾಸೆಲ್‌ಕಾಂಪ್. “ಕೈಯೇ ಮಾದರಿಗೆ ಹೊಂದ್ಕೋಬೇಕು.”

ನಾನು ಎದ್ದೆ. “ಯಾರ ಕೈ ಅಳೆದ್ಯೋ?”

“ಕೂತ್ಕೊಳ್ಳಿ ಸೆವೆರಿನಜ್ಜ. ಇದೆಲ್ಲ ನಿಮ್ಮ ಕಾಲದ್ದಲ್ಲ,” ಎಂದ ಅವನು.

ಹಿಡಿಕೆ ಕಿತ್ತುಕೊಂಡು ಎಲ್ಲರೆದುರು ಮುಷ್ಟಿ ಹಿಡಿದೆ. ಉಬ್ಬು ನನ್ನ ಮೋಟು ಬೆರಳ ಜಾಗದಲ್ಲಿ ಸರಿಯಾಗಿ ಕೂತಿತು.

“ಒಂದೇ ಕೈ ಅಳೆದಿದ್ದು ಕಣೋ. ಅಳೆದೋನು ನನ್ನ ಮಗ.”

ಹಿಂದಿನ ಸಾಲಿನಿಂದ ಕುಂಬಾರನೊಬ್ಬ ಕೂಗಿದ: “ಭೇಷ್! ಇನ್ಮೇಲೆ ಜರ್ಮನಿಗೆಲ್ಲ ನಾಲ್ಕೇ ಬೆರಳು!” ನಕ್ಕು ನಕ್ಕು ಜನ ಬೆಂಚು ಬಡಿದರು.

ಹಾಸೆಲ್‌ಕಾಂಪ್ ಸಭೆ ಮುಗಿದ ಮೇಲೆ ಮೆಟ್ಟಿಲ ಬಳಿ ಬಂದು ನನ್ನ ತೋಳು ಹಿಡಿದ. “ಯಜಮಾನ್ರೇ, ಇಬ್ಬರ ಹೆಸರೂ ಹಾಕೋಣ. ನನ್ನ ಮಾನ ಉಳಿಸಿ.”

“ನಿನ್ನ ಹೆಸರು ಹೊಡೆದು ಹಾಕು. ಪಟ್ಟಿ ಹೋದ ಮನೆಮನೆಗೂ ಕಾಗದ ಬರಿ, ಕದ್ದೆ ಅಂತ.”

ಬರೆದ. ಪ್ರತಿಯೊಂದನ್ನೂ ನಾನೇ ಕೂತು ಓದಿ ಅಂಚೆಗೆ ಹಾಕಿದೆ. ಸಂಘ ಅವನನ್ನು ಹೊರಹಾಕಿತು. ಬೀದಿಯಲ್ಲಿ ಅವನು ತಲೆ ತಗ್ಗಿಸಿ ಹೋಗುವುದನ್ನು ಕಿಟಕಿಯಿಂದ ನೋಡಿ ಸಂತೋಷಪಟ್ಟೆ. ಪಾದ್ರಿಗಳ ಮುಂದೆ ಇದನ್ನೆಲ್ಲ ಒಪ್ಪಿಕೊಂಡೆ. “ಪಶ್ಚಾತ್ತಾಪ ಇದೆಯೇ ಸೆವೆರಿನ್?” ಎಂದು ಕೇಳಿದರು. ಇಲ್ಲ ಎಂದೆ. ಅವರು ಪಾಪವಿಮೋಚನೆ ಕೊಡಲಿಲ್ಲ.

ಆದ್ದರಿಂದ ನನಗಾಗಿ ಏನೂ ಬೇಡುವುದಿಲ್ಲ, ಕರ್ತನೇ. ನನ್ನ ಹಗೆಯ ಲೆಕ್ಕ ನನ್ನೊಡನೆಯೇ ಇರಲಿ. ಅದರ ನೆರಳು ನನ್ನ ಮಗನ ಮೇಲೆ ಬೀಳದಿರಲಿ. ಎಲ್ಲಿ ಮಣ್ಣಾದನೆಂದು ನನಗೆ ತಿಳಿಯದ ನನ್ನ ಗೆರೆಯೋನನಿಗೆ ನಿನ್ನ ಬೆಳಕು ಕಾಣಲಿ, ನಿತ್ಯ ಶಾಂತಿ ದೊರೆಯಲಿ. ಆಮೆನ್.