ಇನ್ನೊಂದು ಸೌಟು

ಅಡುಗೆಯಕ್ಕನ ಕೈ ಅಳತೆ ಕೆಟ್ಟುಹೋಗಿತ್ತು. ಇಪ್ಪತ್ತೆಂಟು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ಮುನ್ನೂರು ಜನಕ್ಕೆ ಬೇಯಿಸಿದವಳಿಗೆ ಮೂರು ಜನಕ್ಕೆ ಎಷ್ಟು ಬಟಾಣಿ ಬೇಕು ಅಂತ ಹೇಗೆ ತಿಳಿಯಬೇಕು? ನಿವೃತ್ತಿಯಾಗಿ ಈ ಹಳ್ಳಿಮನೆಗೆ ಬಂದಮೇಲೆ ಮೊದಲ ಸಲ ಗೆಳೆಯರನ್ನು ಊಟಕ್ಕೆ ಕರೆದಿದ್ದಳು. ಬೆಳಗಿನಿಂದ ಹೆಚ್ಚಿದ್ದೇ ಹೆಚ್ಚಿದ್ದು. ಕೊನೆಗೆ ನೋಡಿದರೆ ಅರ್ಧ ಊರಿಗಾಗುವಷ್ಟು ಸೂಪು.

ಬರುವವರು ಇಬ್ಬರೇ. ವಾರ್ಡಿನ ನರ್ಸ್, ಅಂದರೆ ಎಲ್ಲರ ಬಾಯಲ್ಲೂ ಸಿಸ್ಟರ್. ಇನ್ನೊಬ್ಬ ಆಂಬುಲೆನ್ಸ್ ಓಡಿಸುತ್ತಿದ್ದ ಡ್ರೈವರಣ್ಣ. ಕೆಲಸದಲ್ಲಿದ್ದಾಗ ಇಬ್ಬರೂ ಮನೆಯಿಂದಲೇ ಡಬ್ಬಿ ತರುತ್ತಿದ್ದರು. ರೋಗಿಗಳ ಊಟ ಯಾರಿಗೆ ಬೇಕು ಹೇಳಿ! ಒಂಬತ್ತು ವರ್ಷದ ಹಿಂದೆ ಎದೆನೋವಿನಿಂದ ತಿಂಗಳು ಮಲಗಿದ್ದಾಗ ಮಾತ್ರ ಡ್ರೈವರಣ್ಣ ಅವಳ ಕೈಯಡುಗೆ ಉಂಡಿದ್ದ. ಚೆನ್ನಾಗಿತ್ತು ಅಂತಲೂ ಅಂದಿರಲಿಲ್ಲ, ಚೆನ್ನಾಗಿರಲಿಲ್ಲ ಅಂತಲೂ ಅಂದಿರಲಿಲ್ಲ.

ಅದೊಂದು ಮುಳ್ಳು ಅವಳ ಮನಸ್ಸಿನಲ್ಲಿ ಮುರಿದುಕೊಂಡೇ ಇತ್ತು. ಇಷ್ಟು ವರ್ಷದಲ್ಲಿ ಯಾರೊಬ್ಬರೂ ಅವಳ ಅಡುಗೆಯನ್ನು ಇನ್ನೊಂಚೂರು ಹಾಕು ಅಂತ ಕೇಳಿದ್ದನ್ನು ಅವಳು ಕಾಣಳು. ವಾರ್ಡಿನಿಂದ ಖಾಲಿ ತಟ್ಟೆಗಳು ಬಂದರೂ, ಪಾಪ, ಹಸಿವಿಗೆ ತಿಂದಿರುತ್ತಾರೆ ಅಂದುಕೊಳ್ಳುತ್ತಿದ್ದಳು. ಇವತ್ತು ಒಂದೇ ಒಂದು ಸಲ ಆ ಮಾತು ಕಿವಿಗೆ ಬಿದ್ದರೆ ಸಾಕಿತ್ತು. ಬಾಯಿಬಿಟ್ಟು ಹೇಳಿಕೊಳ್ಳುವ ಆಸೆಯೇ ಅದು?

ಹಿತ್ತಲಿನ ಮರದ ನೆರಳಿಗೆ ಮೇಜು ಎಳೆದು, ಬಿಸಿ ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ, ಸೂಪು ಇಟ್ಟಳು. ಮಾತಿನ ಮಲ್ಲ ಡ್ರೈವರಣ್ಣ ಮೊದಲ ಚಮಚಕ್ಕೇ ಸುಮ್ಮನಾದ. ಸಿಸ್ಟರ್ ಅವನ ಮುಖ ನೋಡಿದಳು. ಅಡುಗೆಯಕ್ಕ ಸರಕ್ಕನೆ ಕುರ್ಚಿ ಎಳೆದುಕೊಂಡಳು. ಕೂತು ತಾನೂ ಒಂದು ಚಮಚ ಬಾಯಿಗಿಟ್ಟಳು.

ಉಪ್ಪೇ ಇಲ್ಲ! ಆಸ್ಪತ್ರೆಯ ಹಂಡೆಗೆ ಉಪ್ಪು ಹಾಕುವ ಪದ್ಧತಿಯೇ ಇರಲಿಲ್ಲ. ಡಾಕ್ಟರು ಒಪ್ಪಿದವರಿಗೆ ಮಾತ್ರ ವಾರ್ಡಿನಲ್ಲಿ ಉಪ್ಪಿನ ಪೊಟ್ಟಣ ಕೊಡುತ್ತಿದ್ದರು. ಕೈ ತನ್ನ ಹಳೇ ಚಾಳಿ ಬಿಟ್ಟಿರಲಿಲ್ಲ. ಉಪ್ಪಿಗಿಂತ ರುಚಿಯಿಲ್ಲ ಅಂತ ಗಾದೆ ಕೇಳಿ ಬೆಳೆದವಳು, ಕರೆದು ಕೂರಿಸಿ ಸಪ್ಪೆ ಬಡಿಸಿದ್ದಳು. ಕಣ್ಣಲ್ಲಿ ನೀರು ಬಂತು. ಪಾತ್ರೆ ಎತ್ತಿಕೊಂಡು ಒಳಗೆ ಹೊರಟಳು.

"ಎಲ್ಲಿಗೆ ತಗೊಂಡು ಹೋಗ್ತೀಯಕ್ಕ? ನಂಗಿನ್ನೊಂದು ಸೌಟು ಹಾಕು," ಅಂದ ಡ್ರೈವರಣ್ಣ.

ನನ್ನ ಸಮಾಧಾನಕ್ಕೆ ಹೇಳಬೇಡ, ಉಪ್ಪಿಲ್ಲ ಅಂತ ನಿನಗೂ ಗೊತ್ತಾಗಿದೆ ಅಂತ ರೇಗಿದಳು.

"ಹೌದು, ಉಪ್ಪಿಲ್ಲ. ಅವತ್ತು ನಾನು ವಾರ್ಡಲ್ಲಿ ಮಲಗಿದ್ದಾಗ್ಲೂ ಇರ್ಲಿಲ್ಲ. ಆದ್ರೂ ದಿನಾ ಇನ್ನೊಂದು ಸೌಟು ಕೇಳ್ತಿದ್ದೆ. ಇದೇ ಸಿಸ್ಟರ್ ಹಾಕ್ತಿರ್ಲಿಲ್ಲ. ತಲೆಗೊಂದೇ ಸೌಟು ಅಂತ ಗದರಿಸೋಳು."

ಅಡುಗೆಯಕ್ಕ ಸಿಸ್ಟರ್ ಕಡೆ ತಿರುಗಿದಳು.

"ಇವನೊಬ್ನೇನಾ?" ಅಂದಳು ಸಿಸ್ಟರ್. "ಇಡೀ ವಾರ್ಡೇ ಕೇಳ್ತಿತ್ತು. ಬೈದು ಬೈದು ನನ್ ಗಂಟಲು ಒಣಗೋಗ್ತಿತ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೊತ್ತಿರುತ್ತೆ ಅಂದ್ಕೊಂಡಿದ್ದೆ ಕಣೇ."

ಅಡುಗೆಯಕ್ಕ ಪಾತ್ರೆ ಕೆಳಗಿಟ್ಟಳು. ಇಪ್ಪತ್ತೆಂಟು ವರ್ಷದ್ದು ಒಟ್ಟಿಗೇ ಬಂದು ಎದೆ ತುಂಬಿತು. ಅಳುವೋ ನಗುವೋ ತಿಳಿಯದೆ ಸೆರಗಿನಲ್ಲಿ ಮೂಗೊರೆಸಿಕೊಂಡಳು. ಸಿಸ್ಟರ್ ಒಳಗೆ ಹೋಗಿ ಉಪ್ಪಿನ ಡಬ್ಬಿ ತಂದು, ಡ್ರೈವರಣ್ಣನ ಮುಂದೆ ಚಿಟಿಕೆ ಲೆಕ್ಕದಲ್ಲಿ ಇಟ್ಟು, ಅಷ್ಟೇ, ಜಾಸ್ತಿ ಇಲ್ಲ ಅಂದಳು.

ಅಡುಗೆಯಕ್ಕ ಡ್ರೈವರಣ್ಣನಿಗೆ ಆಸ್ಪತ್ರೆಯ ಅಳತೆಯಂತೆ ಸಮಕ್ಕೆ ಒಂದು ಸೌಟು ಹಾಕಿದಳು. ಚಾಚಿದ ತಟ್ಟೆ ಹಿಂದಕ್ಕೆ ಹೋಗಲಿಲ್ಲ. ಅವಳು ಸಿಸ್ಟರ್ ಮುಖವನ್ನೂ ನೋಡದೆ ಇನ್ನೊಂದು ಹಾಕಿದಳು.